ಹೈನ್ಸ್‌ಫಾರ್ಟ್ ಕಲ್ಲು: ಡಾಲಮೈಟ್ ಮೇಲೆ ಅಲಿಜರಿನ್ ಕೆಂಪಾಗ್ತಿದೆ, ಯಾಕೆ?

ಕಲ್ಲುಮರುಳ: ತಲೆ ಕೆಟ್ಟು ಹೋಗಿದೆ. ಜರ್ಮನಿಯ ರೀಸ್ ಕುಳಿಯ ಹೈನ್ಸ್‌ಫಾರ್ಟ್ ಊರಿನ ಕಲ್ಲು, ತೆಳು ಸ್ಲೈಡ್ ಮಾಡಿ ಅಲಿಜರಿನ್ ರೆಡ್ ಎಸ್ (ಸುಣ್ಣದ ಖನಿಜ ಕ್ಯಾಲ್ಸೈಟನ್ನು ಕೆಂಪು ಮಾಡೋ ಬಣ್ಣ) ಹಾಕಿದೆ. ಡಾಲಮೈಟ್ (ಮೆಗ್ನೀಸಿಯಂ ಕೂಡ ಇರೋ ಸುಣ್ಣದ ಖನಿಜ) ಬಣ್ಣ ಹಿಡಿಯಬಾರದು ತಾನೇ? ಇಲ್ಲಿ ಅರ್ಧಕ್ಕರ್ಧ ಕೆಂಪು! ಉಜ್ಜಿ ಮತ್ತೆ ಹಾಕಿದರೂ ಅದೇ. ಪುಡಿ ಕೆಟ್ಟಿದೆಯಾ?

ಆಸಿಡ್_ಅಣ್ಣ: ಆಸಿಡ್ ತಪ್ಪಿದೆ. 1.5% ಹೈಡ್ರೋಕ್ಲೋರಿಕ್, 100 ಮಿಲಿಗೆ 0.2 ಗ್ರಾಂ ಪುಡಿ. ನೀವು ಎಷ್ಟು ಹಾಕಿದ್ರಿ?

ಕಲ್ಲುಮರುಳ: ಮಾಮೂಲಿ ಅಳತೆನೇ.

ಆಸಿಡ್_ಅಣ್ಣ: ಮಾಮೂಲಿ ಅಂದ್ರೆ? ಮೊದಲು ಶುದ್ಧ ಕ್ಯಾಲ್ಸೈಟ್ ಚೂರಿಗೆ ಹಾಕಿ ನೋಡಿ.

ಸುಣ್ಣದಗೂಡು: ಕೆಂಪು ಎಲ್ಲಿದೆ? ಇಡೀ ಸ್ಲೈಡಿನಲ್ಲಾ, ತೂತುಗಳ ಸುತ್ತನಾ?

ಕಲ್ಲುಮರುಳ: ತೂತುಗಳ ಸುತ್ತ. ಒಳಗೆ ಪದರ ಪದರ ಲೇಪ ಇದೆ, ಅದೂ ಕೆಂಪು. ಫೋಟೋದಲ್ಲಿ ಕಾಣುತ್ತೆ ಅಲ್ವಾ.

ಸುಣ್ಣದಗೂಡು: ಫೋಟೋನೇ ಬಂದಿಲ್ಲ. ತೂತಿನ ಸುತ್ತ ಅನ್ನೋದನ್ನ ಮೊದಲೇ ಹೇಳಬಾರದಿತ್ತಾ? ನಿಮ್ಮ ಬಣ್ಣ ಸರಿ ಇದೆ, ಕಲ್ಲೇ ಬದಲಾಗಿದೆ. ಸುಮಾರು 1.5 ಕೋಟಿ ವರ್ಷದ ಹಿಂದೆ ಉಲ್ಕೆ ಬಿದ್ದ ಕುಳಿಯಲ್ಲಿ ಸರೋವರ ನಿಂತಿತು. ಅದರ ಅಂಚಿನಲ್ಲಿ ಕ್ಲಾಡೊಫೊರೈಟಿಸ್ ಪಾಚಿ ಸುಣ್ಣದ ದಿಬ್ಬ ಕಟ್ಟಿತು. ನೀರು ಇಳಿದಾಗ ದಿಬ್ಬದ ಮೇಲೆ ಮಳೆ. ಮಳೆನೀರು ಮಣ್ಣಿನ ಕಾರ್ಬನ್ ಡೈಆಕ್ಸೈಡ್ ಹೀರಿ ಹುಳಿಯಾಗಿ ಇಳಿದು ತೂತು ಕೊರೆಯುತ್ತದೆ. ಆ ನೀರಿನಲ್ಲಿ ಮೆಗ್ನೀಸಿಯಂ ಕಮ್ಮಿ. ಹಾಗಾಗಿ ದಿಬ್ಬದ ಡಾಲಮೈಟ್ ಕರಗಿ ಆ ಜಾಗದಲ್ಲಿ ಕ್ಯಾಲ್ಸೈಟ್ ಕೂರುತ್ತದೆ, ಮೆಗ್ನೀಸಿಯಂ ನೀರಿನ ಜೊತೆ ಹೋಗುತ್ತದೆ. ಅರಗೊನೈಟ್ (ಅದೇ ಸುಣ್ಣದ ಇನ್ನೊಂದು ಹರಳಿನ ರೂಪ) ಇದ್ದರೆ ಅದೂ ಕ್ಯಾಲ್ಸೈಟ್ ಆಗಿ ಸ್ಟ್ರಾನ್ಷಿಯಂ ಕಳೆದುಕೊಳ್ಳುತ್ತದೆ. ಪದರದ ಲೇಪ ಗುಹೆಯಲ್ಲಿ ಕಟ್ಟುವ ಸುಣ್ಣದ ಹಾಗೆ. ಕೆಂಪು ಭಾಗದಲ್ಲಿ ಓರೆ ಚೌಕದ ಹಳೆಯ ಹರಳಿನ ಗೆರೆ ಹುಡುಕಿ.

ಆಸಿಡ್_ಅಣ್ಣ: ಅಷ್ಟೆಲ್ಲ ಕಥೆ ಯಾಕೆ, ಆಸಿಡ್ ಬದಲಿಸಿ ನೋಡಲಿ.

ಸುಣ್ಣದಗೂಡು: ಆಸಿಡ್ ಹೆಚ್ಚಾದರೆ ತೂತಿನ ಅಂಚೇ ಆರಿಸಿಕೊಂಡು ಕೆಂಪಾಗುತ್ತಾ? ಇನ್ನೊಂದು ಮಾತು, ಐಸೊಟೋಪ್ (ಒಂದೇ ಧಾತುವಿನ ಬೇರೆ ಬೇರೆ ತೂಕದ ಅಣು) ಅಳೆಯಲು ಕಲ್ಲಿನ ಪುಡಿ ತೆಗೆಯೋದಾದ್ರೆ ಕೆಂಪು ಜಾಗ ಬೇಡ. ಮಣ್ಣಿನ ಕಾರ್ಬನ್ ಸೇರಿ ಭಾರದ ಕಾರ್ಬನ್-13 ಪಾಲು ಇಳಿದಿರುತ್ತೆ. ಸರೋವರದ ಲೆಕ್ಕ ಸಿಗಲ್ಲ.

ಮ್ಯೂನಿಕ್_ಮಂಜ: ಕಲ್ಲು ಎಲ್ಲಿಂದ ಬಂತು? ರೀಸ್ 2022ರಿಂದ ಯುನೆಸ್ಕೋ ಜಿಯೋಪಾರ್ಕ್ (ಯುನೆಸ್ಕೋ ಗುರುತಿಸಿದ ಭೂವೈಜ್ಞಾನಿಕ ತಾಣ). ಸುತ್ತಿಗೆ ಹಿಡಿದು ಹೋದ್ರಾ?

ಕಲ್ಲುಮರುಳ: ಹಳೇ ಸಂಗ್ರಹ ಮಾರಿದವರಿಂದ ಕೊಂಡದ್ದು ಸ್ವಾಮಿ. ಅದು ಬಿಡಿ.

ಮ್ಯೂನಿಕ್_ಮಂಜ: ಬಿಡೋದಲ್ಲ, ಕಲ್ಲು ಎಲ್ಲಿಯದು ಅಂತ ಹೇಳೋ ಚೀಟಿ ಇದೆಯಾ?

ಆಸಿಡ್_ಅಣ್ಣ: ಮಂಜಣ್ಣ, ಇಲ್ಲಿ ಬಣ್ಣದ ಚರ್ಚೆ ನಡೀತಿದೆ.

ಗರಗಸ_ಗಿರಿ: ಸ್ಲೈಡ್ ಎಷ್ಟು ತೆಳು? 30 ಮೈಕ್ರಾನ್ ಇರಲೇಬೇಕು. ನಾನು ವಜ್ರದ ಬಿಲ್ಲೆ ಹಾಕಿದ ಗರಗಸ ಮನೆಯಲ್ಲೇ ಕಟ್ಟಿದ್ದೀನಿ, ಮೋಟಾರ್ ಹಳೇ ವಾಷಿಂಗ್ ಮೆಷಿನ್‌ದು. ಫೋಟೋ ಹಾಕಲಾ?

ಆಸಿಡ್_ಅಣ್ಣ: ಹಾಕಿ ಹಾಕಿ. ನೀರು ಹೇಗೆ ಬಿಡ್ತೀರಿ?

ಕಲ್ಲುಮರುಳ: ಓರೆ ಚೌಕ ಎರಡು ಕಡೆ ಕಾಣ್ತಿದೆ, ಅಂಚಲ್ಲಿ ತುಕ್ಕಿನ ಗೆರೆ. ಉಳಿದ ಕಡೆ ಬರೀ ದೊಡ್ಡ ಹರಳು. ಅದು ಬದಲಾದದ್ದಾ, ತೂತಿನಲ್ಲಿ ಹೊಸದಾಗಿ ತುಂಬಿದ್ದಾ? ಸುಣ್ಣದಗೂಡು ಅವರೇ?

ಗರಗಸ_ಗಿರಿ: ನೀರಿಗೆ ಮೀನಿನ ತೊಟ್ಟಿಯ ಪಂಪ್. ಸದ್ದೇ ಇಲ್ಲ!