ಗುಂಪು ದೊಡ್ಡದಾದರೆ ಉಪಯೋಗ ಜಾಸ್ತಿಯಾ? ಇಂಜಿನಿಯರ್ ಜೊತೆ ಪ್ರಶ್ನೋತ್ತರ

ಅಡ್ಮಿನ್ (ಶಿರಸಿ): ಅಡಿಕೆ ಬೆಳೆಗಾರರಿಗೆಲ್ಲ ನಮಸ್ಕಾರ. ಇವತ್ತು ನೆಟ್‌ವರ್ಕ್ ಇಂಜಿನಿಯರ್ ಒಬ್ಬರು ನಮ್ಮ ಜೊತೆ ಇದ್ದಾರೆ. ಕೇಳಿ.

ವಾನಳ್ಳಿ: ಸರ್, ನಮ್ಮೂರ ವಾಟ್ಸಾಪ್ ಗುಂಪಲ್ಲಿ 40 ಜನ. ಸುತ್ತಲಿನ ನಾಲ್ಕೂರಿನ ಗುಂಪು ಸೇರಿಸಿ 200 ಮಾಡಿದರೆ ಉಪಯೋಗ ಐದು ಪಟ್ಟಾ?

ಇಂಜಿನಿಯರ್: ಕಾಗದದ ಮೇಲೆ 25 ಪಟ್ಟು ದಾಟುತ್ತದೆ. ಒಬ್ಬರಿಗೊಬ್ಬರು ಮಾತಾಡಬಹುದಾದ ಜೋಡಿ ಎಣಿಸಿ: 40 ಜನರಲ್ಲಿ 780 ಜೋಡಿ, 200 ಜನರಲ್ಲಿ 19,900. ಜೋಡಿ ಹೆಚ್ಚಿದಂತೆ ನೆಟ್‌ವರ್ಕಿನ ಬೆಲೆಯೂ, ಅಂದರೆ ಉಪಯೋಗವೂ, ಏರುತ್ತದೆ ಅನ್ನುವ ಲೆಕ್ಕಕ್ಕೆ ಮೆಟ್‌ಕಾಫ್ ಹೆಸರಿದೆ. ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಈಥರ್ನೆಟ್ ಕಟ್ಟಿದವರಲ್ಲಿ ಅವರೂ ಒಬ್ಬರು. ಆದರೆ ಎಲ್ಲ ಜೋಡಿಯೂ ಮಾತಾಡಲ್ಲ ಅಲ್ವಾ? ಬೆಲೆ ಅಷ್ಟು ಜೋರಾಗಿ ಏರಲ್ಲ ಅಂತ 2006ರಲ್ಲಿ ಗಣಿತಜ್ಞ ಒಡ್ಲಿಜ್ಕೊ ಮತ್ತಿಬ್ಬರು ವಾದಿಸಿದರು. ಕಂಪ್ಯೂಟರ್ ವಿಜ್ಞಾನಿ ಡೇವಿಡ್ ರೀಡ್ ಹಿಡಿದದ್ದು ಇನ್ನೊಂದು ತುದಿ. ಜನ ತಮ್ಮೊಳಗೇ ಸಣ್ಣ ಸಣ್ಣ ಗುಂಪು ಕಟ್ಟಿಕೊಳ್ಳುವುದರಲ್ಲೇ ಬೆಲೆ ಇದೆ ಅಂದರು. ಬರೀ 10 ಜನರಲ್ಲಿ ಇಬ್ಬರು ಅಥವಾ ಹೆಚ್ಚು ಜನರ 1,013 ಗುಂಪು ಸಾಧ್ಯ. ನನ್ನ ಚಿಂತೆ ಇಲ್ಲೇ. ಅಡಿಕೆ ಕೊಯ್ಯುವ ಕೊನೆಗೌಡರು ನಾಳೆ ಯಾರ ತೋಟಕ್ಕೆ, ಕೊಯ್ಲಿನ ಉದ್ದ ಕೋಲು ದೋಟಿ ಯಾರ ಮನೆಯಲ್ಲಿದೆ, ಇದೆಲ್ಲ ಆರೇಳು ಮನೆಯ ಮಾತು. 200 ಜನರ ನಡುವೆ ಕೇಳಲು ಹಿಂಜರಿಕೆ. ಕೇಳಿದರೂ ಶುಭೋದಯದ ಹೂಗಳ ಅಡಿಗೆ ಹೋಗುತ್ತದೆ. ಊರಿನ ಗುಂಪು ಮುಚ್ಚಬೇಡಿ. ಪೇಟೆ ದರಕ್ಕೆ, ಕೊಳೆರೋಗದ ಸುದ್ದಿಗೆ ದೊಡ್ಡದೊಂದು ಬೇರೆ ಇರಲಿ.

ಹುಲೇಕಲ್: ಎಲ್ಲ ಒಂದೇ ಮಾಡಿದರೆ ಒಳ್ಳೇದಲ್ವಾ ಸರ್?

ಇಂಜಿನಿಯರ್: ಮೇಲೆ ಓದಿ.

ಸೋಂದಾ: (ಫಾರ್ವರ್ಡ್) ಕೊಳೆಗೆ ಬೋರ್ಡೋ ಔಷಧಿ ಸಿಂಪಡಣೆ ಬೇಡವೇ ಬೇಡ! ಕಲ್ಲುಪ್ಪಿನ ನೀರು ಹೊಡೆಯಿರಿ. 10 ಗುಂಪಿಗೆ ಕಳಿಸಿ.

ಇಂಜಿನಿಯರ್: ಇದನ್ನು ನಂಬಿ ಯಾರೂ ಬೋರ್ಡೋ ಬಿಡಬೇಡಿ. ಔಷಧಿ ವಿಷಯ ತೋಟಗಾರಿಕೆ ಇಲಾಖೆಯಲ್ಲಿ ಕೇಳಿ. ಜೋಡಿ ಹೆಚ್ಚಾದಷ್ಟೂ ಸುಳ್ಳು ಓಡುವ ದಾರಿಯೂ ಹೆಚ್ಚು. 2018ರಲ್ಲಿ ವಾಟ್ಸಾಪ್ ಭಾರತದಲ್ಲಿ ಒಮ್ಮೆಗೆ 5 ಕಡೆ ಮಾತ್ರ ಫಾರ್ವರ್ಡ್ ಅಂತ ಕಟ್ಟು ಹಾಕಿದ್ದು ಸುಮ್ನೆ ಅಲ್ಲ.

ಸೋಂದಾ: ನಮ್ಮಜ್ಜ ಉಪ್ಪು ಹಾಕ್ತಿದ್ದರು.

ಸಿದ್ದಾಪುರ: ಮರದ ಬುಡಕ್ಕೋ, ಅಡಿಕೆ ಕೊನೆಗೋ?

ಸೋಂದಾ: ನಿಮಗ್ಯಾಕೆ ಭಾವ? ಬೆಳಗಾದರೆ ದೇವರ ಫೋಟೋ ಹಾಕೋರು ನೀವು.

ಸಿದ್ದಾಪುರ: ಫೋಟೋದಿಂದ ಅಡಿಕೆ ಉದುರಲ್ಲ ಮಾರಾಯ್ರೇ.

ಕುಮಟಾ: ಸರ್, ನಾವು ಘಟ್ಟದ ಕೆಳಗಿನವರು. ನಮ್ಮಲ್ಲಿ ಮಳೆ ಮೊದಲೇ ಹಿಡಿಯುತ್ತದೆ. ನಮಗೆ ಬೇರೆ ಗುಂಪು ಬೇಕಾ?

ಯಲ್ಲಾಪುರ: ಐದೂ ಗುಂಪು ಸೇರಿಸಿ ಒಂದು ಮಾಡಬಹುದಲ್ಲ?

ಇಂಜಿನಿಯರ್: ಮೂರನೇ ಸಲ ಹೇಳ್ತಿದ್ದೇನೆ. ಬೇಡ.

ಸೋಂದಾ: ಅಜ್ಜನ ಮಾತಿಗೆ ಬೆಲೆ ಇಲ್ಲದ ಕಡೆ ನಾನಿರಲ್ಲ.

ಸಿದ್ದಾಪುರ: ನಮ್ಮ ದೋಟಿ ಕೊಟ್ಟು ಹೋಗಿ.

ಅಡ್ಮಿನ್: ಮೊದಲು ಆ ಫಾರ್ವರ್ಡ್ ಅಳಿಸಿ. ಇಬ್ಬರಿಗೂ ಹೇಳ್ತಿದ್ದೇನೆ, ಸಾಕು.

ಕುಮಟಾ: ಸರ್, ನನ್ನ ಪ್ರಶ್ನೆ?