ಹಣಕಾಸು ವಿಕೇಂದ್ರೀಕರಣ: ಮೊದಲು ಹೊಣೆಯೋ, ಮೊದಲು ಹಣವೋ?

ಜಿಜ್ಞಾಸು:

ಅಭಿವೃದ್ಧಿಶೀಲ ದೇಶಗಳಲ್ಲಿ ಹಣಕಾಸು ವಿಕೇಂದ್ರೀಕರಣವನ್ನು, ಅಂದರೆ ಕೆಲಸ, ಹಣ ಮತ್ತು ತೆರಿಗೆಯ ಅಧಿಕಾರವನ್ನು ಕೇಂದ್ರದಿಂದ ಸ್ಥಳೀಯ ಸರ್ಕಾರಗಳಿಗೆ ಇಳಿಸುವುದನ್ನು, ಯಾವ ಕ್ರಮದಲ್ಲಿ ಜಾರಿಗೆ ತರಬೇಕು ಎಂಬುದರ ಕುರಿತು ಒಂದು ಪ್ರಬಂಧ ಸಿದ್ಧಪಡಿಸುತ್ತಿದ್ದೇನೆ. ಯಾವ ಸರ್ಕಾರ ಯಾವ ಕೆಲಸ ಮಾಡಬೇಕು ಎಂಬುದನ್ನು ಮೊದಲು ನಿಗದಿಪಡಿಸಿ, ಅದರ ಖರ್ಚನ್ನು ಲೆಕ್ಕ ಹಾಕಿದ ಮೇಲೆಯೇ ಹಣ ಹಂಚಬೇಕು ಎಂಬ ನಿಯಮವನ್ನು ಬಹುತೇಕ ಎಲ್ಲರೂ ಹೇಳುತ್ತಾರೆ. ಆದರೆ ನಡೆದದ್ದನ್ನು ನೋಡಿದರೆ, ರಾಜಕೀಯ ಒಪ್ಪಂದದ ಬಿಸಿಯಲ್ಲಿ ಶೇಕಡಾವಾರು ಪಾಲನ್ನು ಕಾನೂನಿನಲ್ಲಿ ಬರೆದು, ಕೆಲಸಗಳ ಹಂಚಿಕೆಯನ್ನು ಆಮೇಲೆ ನೋಡಿಕೊಂಡ ದೇಶಗಳೇ ಹೆಚ್ಚು ಕಾಣುತ್ತವೆ. ಈ ಕ್ರಮ ತಪ್ಪಿದರೆ ನಿಜವಾಗಿ ಕೆಡುವುದು ಏನು? ಮತ್ತು ಇದನ್ನು ಹಂತ ಹಂತವಾಗಿ ಮಾಡುವುದು ಒಳಿತೋ, ಒಂದೇ ಬಾರಿಗೆ ಮಾಡಿ ಮುಗಿಸುವುದು ಒಳಿತೋ?

ಅಂದಾಜುಪತ್ರ:

ಏನು ಕೆಡುತ್ತದೆ ಎಂಬುದಕ್ಕೆ ಫಿಲಿಪ್ಪೀನ್ಸ್‌ನ 1991ರ ಸ್ಥಳೀಯ ಸರ್ಕಾರ ಸಂಹಿತೆಯನ್ನು ನೋಡಿ. ರಾಷ್ಟ್ರೀಯ ಆಂತರಿಕ ತೆರಿಗೆಯ (ಆಮದು ಸುಂಕ ಬಿಟ್ಟು ದೇಶದೊಳಗೆ ವಸೂಲಾಗುವ ತೆರಿಗೆಯ) ಶೇ. 40ರಷ್ಟು ಸ್ಥಳೀಯ ಸರ್ಕಾರಗಳಿಗೆ ಎಂದು ಅದು ನಿಗದಿಪಡಿಸಿತು. ಅದರಲ್ಲಿ ಪ್ರಾಂತಗಳಿಗೆ ಶೇ. 23, ನಗರಗಳಿಗೂ ಶೇ. 23. ಆದರೆ ಅದೇ ಸಂಹಿತೆ ಆಸ್ಪತ್ರೆಗಳ ಹೊರೆಯನ್ನು ಮುಖ್ಯವಾಗಿ ಪ್ರಾಂತಗಳ ಮೇಲೆ ಹೊರಿಸಿತು. ಹೊಣೆ ಒಂದು ಕಡೆ, ಪಾಲು ಇನ್ನೊಂದು ಕಡೆ. ಮೇಲಿನಿಂದ ನೋಡಿದರೆ ಒಟ್ಟು ಮೊತ್ತ ಸಾಕಷ್ಟೇ ಇದೆ. ಆದರೆ ವೈದ್ಯರಿಗೂ ಔಷಧಿಗೂ ಹಣ ಬೇಕಾದ ಪ್ರಾಂತದಲ್ಲಿ ಕೊರತೆ, ಅಷ್ಟು ಹೊಸ ಹೊಣೆಯಿಲ್ಲದ ನಗರದಲ್ಲಿ ನಿರಾಳ.

ಇದಕ್ಕಿಂತ ಕಡಿಮೆ ಚರ್ಚೆಯಾಗುವ ವಿಷಯವೆಂದರೆ ಪಾಲನ್ನು ಯಾವ ವರ್ಷದ ಯಾವ ಮೊತ್ತದ ಮೇಲೆ ಲೆಕ್ಕ ಹಾಕುತ್ತಾರೆ ಎಂಬುದು. ಅಲ್ಲಿ ಮೂರು ವರ್ಷ ಹಿಂದಿನ ವಸೂಲಿಯೇ ಆಧಾರ. ಪಾಲನ್ನು ಆಂತರಿಕ ತೆರಿಗೆಯಿಂದ ಮಾತ್ರವಲ್ಲದೆ ಎಲ್ಲ ರಾಷ್ಟ್ರೀಯ ತೆರಿಗೆಗಳಿಂದಲೂ ಕೊಡಬೇಕೆಂದು 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ನೀಡಿತು, ಅದು 2022ರಲ್ಲಿ ಜಾರಿಗೆ ಬಂದು, ಸ್ಥಳೀಯ ಸರ್ಕಾರಗಳ ಕೈಗೆ ಒಮ್ಮೆಲೇ ಹೆಚ್ಚು ಹಣ ಬಂತು. ಮರುವರ್ಷವೇ, ಅಂದರೆ 2023ರಲ್ಲಿ, ಪಾಲು ಇಳಿಯಿತು. ಏಕೆಂದರೆ ಆ ವರ್ಷದ ಲೆಕ್ಕಕ್ಕೆ ಆಧಾರವಾದದ್ದು ಸಾಂಕ್ರಾಮಿಕದಿಂದ ಕುಸಿದಿದ್ದ 2020ರ ವಸೂಲಿ. ಶೇಕಡಾವಾರು ಅಂಕಿಗಾಗಿ ವರ್ಷಗಟ್ಟಲೆ ಹೋರಾಡುವವರು ಈ ಆಧಾರ ವರ್ಷದ ಸಾಲನ್ನು ಒಮ್ಮೆ ನಿಧಾನವಾಗಿ ಓದುವುದು ಒಳ್ಳೆಯದು.

ಕೊಲಂಬಿಯಾ ಇನ್ನೊಂದು ತುದಿ. 1991ರ ಸಂವಿಧಾನ ಪ್ರಾದೇಶಿಕ ಪಾಲನ್ನು ಕೇಂದ್ರದ ಚಾಲ್ತಿ ಆದಾಯಕ್ಕೆ ಬಿಗಿದು ಕಟ್ಟಿತು. ಆದಾಯ ಏರಿದಂತೆಲ್ಲ ಕೇಂದ್ರ ಕೊಡಬೇಕಾದದ್ದೂ ಏರಿತು, ಕೆಲಸಗಳು ಮಾತ್ರ ಅದೇ ವೇಗದಲ್ಲಿ ಕೆಳಗಿಳಿಯಲಿಲ್ಲ. 1990ರ ದಶಕದ ಕೊನೆಯ ಬಿಕ್ಕಟ್ಟಿನ ನಂತರ, 2001ರಲ್ಲಿ, ಸಂವಿಧಾನವನ್ನೇ ತಿದ್ದಿ ಆ ಕೊಂಡಿಯನ್ನು ಕಳಚಬೇಕಾಯಿತು.

ದಫ್ತರ:

ಅಂದಾಜುಪತ್ರ ಅವರ ಮಾತನ್ನು ಒಪ್ಪುತ್ತೇನೆ, ಆದರೆ ಕೆಲಸ ಮೊದಲು ಎಂಬ ನಿಯಮವನ್ನು ಅಕ್ಷರಶಃ ಪಾಲಿಸಲು ಹೊರಟವರು ಬಹಳ ವೇಳೆ ಎಲ್ಲಿಗೂ ತಲುಪುವುದಿಲ್ಲ ಎಂಬುದನ್ನೂ ಸೇರಿಸಬೇಕು. ಪ್ರತಿಯೊಂದು ಕೆಲಸದ ಖರ್ಚನ್ನು ಲೆಕ್ಕ ಹಾಕುವ ಹೊಣೆ ಬೀಳುವುದು ಆ ಕೆಲಸವನ್ನು ಕಳೆದುಕೊಳ್ಳಲಿರುವ ಕೇಂದ್ರ ಸಚಿವಾಲಯದ ಮೇಲೆಯೇ. ‘ಸ್ಥಳೀಯ ಸಂಸ್ಥೆಗಳಿಗೆ ಇನ್ನೂ ಸಾಮರ್ಥ್ಯ ಬಂದಿಲ್ಲ’ ಎಂಬ ಒಂದು ಟಿಪ್ಪಣಿಯಿಂದ ಕಡತವನ್ನು ಹತ್ತು ವರ್ಷ ಮಲಗಿಸಬಹುದು. ಕೆಲಸವನ್ನೇ ಕೊಡದಿದ್ದರೆ ಸಾಮರ್ಥ್ಯ ಬರುವುದಾದರೂ ಎಲ್ಲಿಂದ?

ಈ ಕಾರಣಕ್ಕೇ ಇಂಡೋನೇಷ್ಯಾ ಒಂದೇ ಏಟಿಗೆ ಮುಗಿಸಿತು. 1999ರಲ್ಲಿ ಎರಡು ಕಾನೂನು ಮಾಡಿ, 2001ರ ಜನವರಿಯಲ್ಲಿ ಜಾರಿಗೊಳಿಸಿ, ಸುಮಾರು 20 ಲಕ್ಷ ನೌಕರರನ್ನು ಪ್ರಾಂತ ಮತ್ತು ಜಿಲ್ಲೆಗಳ ಅಧೀನಕ್ಕೆ ವರ್ಗಾಯಿಸಿತು. ಕೇಂದ್ರದ ನಿವ್ವಳ ದೇಶೀಯ ಆದಾಯದ ಕನಿಷ್ಠ ಶೇ. 25ನ್ನು ಸಾಮಾನ್ಯ ಅನುದಾನವಾಗಿ ಕೊಟ್ಟಿತು. ಶಾಲೆಗಳು, ಆರೋಗ್ಯ ಕೇಂದ್ರಗಳು ಮುಚ್ಚಿಹೋಗುತ್ತವೆ ಎಂಬ ಭಯ ನಿಜವಾಗಲಿಲ್ಲ. ಪೆಟ್ಟು ಬಿದ್ದದ್ದು ಬೇರೆ ಕಡೆ. ಅನುದಾನದ ಸೂತ್ರ ನೌಕರರ ವೇತನವನ್ನು ಭರಿಸುತ್ತಿದ್ದುದರಿಂದ ಸಿಬ್ಬಂದಿಯನ್ನು ಕಡಿಮೆ ಮಾಡಿದ ಜಿಲ್ಲೆಗೆ ಲಾಭವಿರಲಿಲ್ಲ. ಹೊಸ ಜಿಲ್ಲೆಗೂ ತನ್ನದೇ ಪಾಲು ಸಿಗುತ್ತಿದ್ದುದರಿಂದ ಜಿಲ್ಲೆಗಳು ಒಡೆಯುತ್ತ ಹೋಗಿ, ಮುನ್ನೂರರ ಆಸುಪಾಸಿನಲ್ಲಿದ್ದ ಸಂಖ್ಯೆ ಐನೂರನ್ನು ದಾಟಿತು. ಇದು ವೇಗದ ದೋಷವಲ್ಲ, ಸೂತ್ರದ ದೋಷ.

ಕೀನ್ಯಾದಲ್ಲಿ 2010ರ ಸಂವಿಧಾನ ಮೂರು ವರ್ಷಗಳ ಹಂತಹಂತದ ವರ್ಗಾವಣೆಗೆ ಅವಕಾಶ ಕೊಟ್ಟಿತ್ತು. ಆದರೆ 2013ರ ಮಾರ್ಚ್‌ನಲ್ಲಿ ಚುನಾವಣೆ ಮುಗಿದು 47 ಕೌಂಟಿಗಳಿಗೆ (ಜಿಲ್ಲೆಯಂಥ ಪ್ರಾದೇಶಿಕ ಘಟಕಗಳಿಗೆ) ಚುನಾಯಿತ ಗವರ್ನರ್‌ಗಳು ಬಂದ ಮೇಲೆ ಕಾಯುವ ವ್ಯವಧಾನ ಯಾರಿಗೂ ಉಳಿಯಲಿಲ್ಲ. ಆ ಆಗಸ್ಟ್‌ನೊಳಗೇ ಬಹುಪಾಲು ಕೆಲಸಗಳು ಕೌಂಟಿಗಳ ಪಾಲಾದವು. ಯೋಜನೆ ಬರೆಯುವವರು ಚುನಾವಣೆಯ ದಿನಾಂಕವನ್ನು ಮೊದಲು ಗುರುತು ಹಾಕಿಕೊಳ್ಳಬೇಕು.

ಜಿಜ್ಞಾಸು:

ಇಬ್ಬರಿಗೂ ಧನ್ಯವಾದಗಳು. ಇಬ್ಬರೂ ಮಾತನಾಡಿದ್ದು ಮೇಲಿನಿಂದ ಬರುವ ಹಣದ ಬಗ್ಗೆ. ಸ್ಥಳೀಯ ತೆರಿಗೆಯ ಸ್ಥಾನ ಈ ಕ್ರಮದಲ್ಲಿ ಎಲ್ಲಿ?

ಮೂರನೆಯ ಕಂತು:

ಸಾಮಾನ್ಯವಾಗಿ ಕಟ್ಟಕಡೆಯಲ್ಲಿ, ಅದೇ ತೊಂದರೆ. ಇಂಡೋನೇಷ್ಯಾದಲ್ಲಿ ಖರ್ಚಿನ ಹೊಣೆ 2001ರಲ್ಲೇ ಕೆಳಗಿಳಿಯಿತು. ಆದರೆ ಸ್ಥಳೀಯ ತೆರಿಗೆಗಳಲ್ಲೇ ಮುಖ್ಯವಾದ ಆಸ್ತಿ ತೆರಿಗೆಯನ್ನು ಜಿಲ್ಲೆ ಮತ್ತು ನಗರಗಳಿಗೆ ಬಿಟ್ಟುಕೊಡಲು 2009ರ ಕಾನೂನು ಬೇಕಾಯಿತು, ಆ ವರ್ಗಾವಣೆ ಮುಗಿಯುವಾಗ 2014 ಬಂದಿತ್ತು. ಉಗಾಂಡಾದಲ್ಲಿ ಸ್ಥಳೀಯ ಸರ್ಕಾರಗಳಿಗೆ ಆಧಾರವಾಗಿದ್ದ, ಜನರಿಗೆ ಸ್ವಲ್ಪವೂ ಇಷ್ಟವಿಲ್ಲದ ‘ಗ್ರಾಜುಯೇಟೆಡ್ ತೆರಿಗೆ’ಯನ್ನು (ವಯಸ್ಕರಿಂದ ಆದಾಯದ ಅಂದಾಜಿನ ಮೇಲೆ ಎತ್ತುತ್ತಿದ್ದ ತಲಾ ತೆರಿಗೆಯನ್ನು) 2005ರಲ್ಲಿ ಕೈಬಿಟ್ಟರು; ಅದರ ಜಾಗ ತುಂಬುವ ಸ್ವಂತ ಆದಾಯ ಬಾರದೆ, ಇಂಥದ್ದಕ್ಕೇ ಖರ್ಚು ಮಾಡಬೇಕೆಂದು ಕೇಂದ್ರ ಕಟ್ಟುಹಾಕಿ ಕೊಡುವ ನಿರ್ಬಂಧಿತ ಅನುದಾನದ ಅವಲಂಬನೆ ಇನ್ನಷ್ಟು ಬಿಗಿಯಾಯಿತು. ಆ ತೆರಿಗೆ ಒಳ್ಳೆಯದಾಗಿತ್ತೆಂದು ನಾನು ಹೇಳುತ್ತಿಲ್ಲ. ಬಡವರ ಮೇಲೆ ಅದು ಕಠಿಣವಾಗಿಯೇ ಬೀಳುತ್ತಿತ್ತು.

ಸ್ಥಳೀಯ ಸಂಸ್ಥೆ ತನ್ನ ಖರ್ಚಿನ ಬಹುಪಾಲನ್ನು ಸ್ವಂತ ತೆರಿಗೆಯಿಂದ ಭರಿಸಲಿ ಎಂದು ನಿರೀಕ್ಷಿಸುವುದು ಬಡ ದೇಶಗಳಲ್ಲಿ ಅವಾಸ್ತವ. ಹೆಚ್ಚುವರಿಯಾಗಿ ಒಂದು ರಸ್ತೆ ಬೇಕೆಂದರೆ ಹೆಚ್ಚುವರಿಯಾಗಿ ಒಂದಿಷ್ಟು ತೆರಿಗೆ ಎತ್ತುವ ಅಧಿಕಾರ, ಅಂದರೆ ದರ ನಿಗದಿಪಡಿಸುವ ಅಧಿಕಾರ, ಇದ್ದರೆ ಸಾಕು. ಮತದಾರ ಆಗ ಲೆಕ್ಕ ಕೇಳುತ್ತಾನೆ. ಆಸ್ತಿ ತೆರಿಗೆಯಲ್ಲಿ ಕಷ್ಟವಿರುವುದು ದರದಲ್ಲಲ್ಲ, ಕಟ್ಟಡಗಳ ಪಟ್ಟಿಯಲ್ಲಿ ಮತ್ತು ಹಳೆಯದಾದ ಮೌಲ್ಯಮಾಪನದಲ್ಲಿ. ಪಟ್ಟಿ ಸರಿಪಡಿಸಲು ವರ್ಷಗಳು ಬೇಕಾಗುವುದರಿಂದ, ಆ ಕೆಲಸವನ್ನು ಅನುದಾನದ ಸೂತ್ರ ಬರೆಯುವುದಕ್ಕೂ ಮುಂಚೆಯೇ ಆರಂಭಿಸಬೇಕು.

ಇನ್ನು, ಕೊಟ್ಟ ಹಣ ತಲುಪುತ್ತದೆಯೇ ಎಂಬುದು. ಉಗಾಂಡಾದಲ್ಲೇ 1991–95ರ ನಡುವೆ ಪ್ರಾಥಮಿಕ ಶಾಲೆಗಳಿಗೆಂದು ವಿದ್ಯಾರ್ಥಿಗೆ ಇಷ್ಟು ಎಂಬ ಲೆಕ್ಕದಲ್ಲಿ ಬಿಡುಗಡೆಯಾದ ತಲಾವಾರು ಅನುದಾನದಲ್ಲಿ ಸರಾಸರಿ ಶೇ. 13ರಷ್ಟು ಮಾತ್ರ ಶಾಲೆ ತಲುಪಿತ್ತು. ಉಳಿದದ್ದು ಬಹುಮಟ್ಟಿಗೆ ಜಿಲ್ಲಾ ಹಂತದಲ್ಲೇ ನಿಂತಿತ್ತು. ಕೇಂದ್ರ ಪ್ರತಿ ಕಂತಿನ ಮೊತ್ತವನ್ನು ಪತ್ರಿಕೆಗಳಲ್ಲಿ ಪ್ರಕಟಿಸತೊಡಗಿದ ನಂತರ ಪರಿಸ್ಥಿತಿ ಗಣನೀಯವಾಗಿ ಸುಧಾರಿಸಿತು.

ಅಂದಾಜುಪತ್ರ:

ನಿಮ್ಮ ಪ್ರಬಂಧದಲ್ಲಿ ಸಾಲಕ್ಕೂ ಒಂದು ಅಧ್ಯಾಯ ಇರಲಿ. ಬ್ರೆಜಿಲ್‌ನಲ್ಲಿ ಕೇಂದ್ರ ಸರ್ಕಾರ 1989, 1993 ಮತ್ತು 1997ರಲ್ಲಿ ರಾಜ್ಯಗಳ ಸಾಲವನ್ನು ತನ್ನ ತಲೆಗೆ ಎಳೆದುಕೊಂಡಿತು. ಒಮ್ಮೆ ಕೈಹಿಡಿದವರು ಮತ್ತೊಮ್ಮೆಯೂ ಹಿಡಿದೇ ಹಿಡಿಯುತ್ತಾರೆ ಎಂದು ರಾಜ್ಯಗಳು ಸರಿಯಾಗಿಯೇ ಊಹಿಸಿದ್ದವು. 2000ದ ಹಣಕಾಸು ಹೊಣೆಗಾರಿಕೆ ಕಾನೂನು ರಾಜ್ಯ ಮತ್ತು ಪುರಸಭೆಗಳ ವೇತನ ವೆಚ್ಚಕ್ಕೆ ನಿವ್ವಳ ಆದಾಯದ ಶೇ. 60ರ ಮಿತಿ ಹಾಕಿ, ಇಂಥ ಹೊಸ ನೆರವಿಗೆ ತಡೆಯೊಡ್ಡಿತು. ಸಾಲದ ಅಧಿಕಾರವನ್ನು ಯಾವಾಗ ಕೊಡಬೇಕೆಂದು ಕೇಳಿದರೆ, ಎರಡು ಮೂರು ವರ್ಷದ ಲೆಕ್ಕಪರಿಶೋಧನೆ ಬಾಕಿಯಿಲ್ಲದೆ ಮುಗಿದ ಸಂಸ್ಥೆಗೆ ಮಾತ್ರ, ಅದೂ ಎಲ್ಲಕ್ಕಿಂತ ಕೊನೆಗೆ, ಎನ್ನುತ್ತೇನೆ.