ಕಡಿಮೆ ಬೆಲೆಯ ಫ್ರೀಸ್ಟೈಲ್ ಸ್ನೋಬೋರ್ಡ್ ಆರಿಸುವುದು ಹೇಗೆ?

ಪ್ರಶ್ನೆ, ಮೈಸೂರಿನಿಂದ:
ಎರಡು ಚಳಿಗಾಲ ಕಾಶ್ಮೀರದ ಗುಲ್ಮಾರ್ಗಿನಲ್ಲಿ ಬಾಡಿಗೆ ಸ್ನೋಬೋರ್ಡಿನ (ಹಿಮದ ಮೇಲೆ ನಿಂತು ಜಾರುವ ಹಲಗೆಯ) ಮೇಲೆ ಕಲಿತ ನನಗೆ, ಸಣ್ಣ ಜಿಗಿತಗಳನ್ನೂ ಹಿಮ್ಮುಖವಾಗಿ ಇಳಿಯುವುದನ್ನೂ ಅಭ್ಯಾಸ ಮಾಡಲು ಸ್ವಂತದ್ದೊಂದು ಫ್ರೀಸ್ಟೈಲ್ (ಜಿಗಿತ, ಕಸರತ್ತುಗಳಿಗೆ ಹೊಂದುವ) ಬೋರ್ಡ್ ಬೇಕೆನಿಸಿದೆ. ನನ್ನ ತೂಕ 68 ಕೆ.ಜಿ. ಕೈಯಲ್ಲಿರುವ ಹಣ ಹೆಚ್ಚಿಲ್ಲ. ಯಾವುದರಲ್ಲಿ ಉಳಿಸಬಹುದೆಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ, ಮೈಸೂರಿನಿಂದ:
ಎರಡು ತುದಿಗಳೂ ಒಂದೇ ಆಕಾರದಲ್ಲಿರುವ ಟ್ವಿನ್ ಬೋರ್ಡನ್ನೇ ಆರಿಸಿಕೊಳ್ಳಿ. ಯಾವ ಕಡೆಗೆ ಇಳಿದರೂ ಅದು ಒಂದೇ ರೀತಿ ನಡೆದುಕೊಳ್ಳುತ್ತದೆ. ಬಾಗುವಿಕೆ ಮೃದುವಿನಿಂದ ಮಧ್ಯಮದೊಳಗಿರಲಿ. ಉದ್ದಕ್ಕೆ ಎತ್ತರಕ್ಕಿಂತ ತೂಕವೇ ಮುಖ್ಯ, ನಿಮಗೆ 150ರಿಂದ 154 ಸೆಂ.ಮೀ. ಹೊಂದುತ್ತದೆ. ಹಣವನ್ನು ತಳದಲ್ಲಿ ಉಳಿಸಿ: ಎಕ್ಸ್‌ಟ್ರೂಡೆಡ್ ತಳವು (ಕರಗಿಸಿದ ಪ್ಲಾಸ್ಟಿಕ್ಕನ್ನು ಹಾಳೆಯಾಗಿ ಒತ್ತಿ ತೆಗೆದದ್ದು) ಸಿಂಟರ್ಡ್ ತಳದಷ್ಟು (ಪ್ಲಾಸ್ಟಿಕ್ ಪುಡಿಯನ್ನು ಬಿಸಿಯಲ್ಲಿ ಒತ್ತಿ ಗಟ್ಟಿ ಮಾಡಿದ್ದು) ವೇಗವಾಗಿ ಜಾರದಿದ್ದರೂ ಅಗ್ಗವಾಗಿರುತ್ತದೆ, ದುರಸ್ತಿಗೆ ಸುಲಭವಾಗಿರುತ್ತದೆ, ಮೇಣ ಹಚ್ಚುವುದು ತಡವಾದರೂ ಸಹಿಸಿಕೊಳ್ಳುತ್ತದೆ. ಹಿಮವನ್ನೇ ಕಾಣದ ನಮ್ಮ ಊರಿನವರಿಗೆ ಇದು ದೊಡ್ಡ ಅನುಕೂಲ.

ಉತ್ತರ, ಮಂಡ್ಯದಿಂದ:
ಮೇಲಿನವರ ಮಾತು ಸರಿ. ಆದರೆ ಹಳೆಯ ಬೋರ್ಡ್ ಕೊಳ್ಳುವುದಾದರೆ ಅಂಚಿನ ಉಕ್ಕಿನ ಪಟ್ಟಿಯುದ್ದಕ್ಕೂ ಬೆರಳಾಡಿಸಿ ನೋಡಿ. ನಾನು ಕೊಂಡದ್ದರಲ್ಲಿ ತುದಿಯ ಪದರಗಳು ಬಿಟ್ಟುಕೊಂಡಿದ್ದವು, ಅದನ್ನೊಂದು ಸ್ಟಿಕ್ಕರ್ ಮುಚ್ಚಿತ್ತು. ಮೊದಲ ದಿನವೇ ಅಲ್ಲಿ ನೀರಿಳಿಯಿತು. ಬೂಟನ್ನು ಮಾತ್ರ ಹೊಸದಾಗಿಯೇ ಕೊಳ್ಳಿ, ಮೊಣಕಾಲು ಬಗ್ಗಿಸಿದಾಗ ಹಿಮ್ಮಡಿ ಮೇಲೇಳಬಾರದು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಮೊದಲು ಬೂಟನ್ನು ಕೊಂಡು, ಅದರ ಅಳತೆಗೆ ತಕ್ಕ ಅಗಲದ ಬೋರ್ಡನ್ನು ಹುಡುಕುತ್ತೇನೆ.